ಕೂಡಾದಾ, ಕಳಿಯಾದಾ? – ಚಿಕ್ಕ ಮಕ್ಕಳಿಗೆ ಹೇಳಿಕೆ ಲೆಕ್ಕ ಕಲಿಸುವ ಬಗೆ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ – ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿನ ಸಂಜೆ ಶಾಲೆಗೆ ಹೋದರೂ ನನ್ನ ಕಿವಿಗೆ ಬೀಳುವ ಒಂದು ಮಾತಿದೆ. ಮಗು ಪುಸ್ತಕ ಹಿಡಿದು ಬರುತ್ತದೆ. ಲೆಕ್ಕವನ್ನು ಪೂರ್ತಿ ಓದಿರುವುದಿಲ್ಲ. ಅದರೊಳಗಿನ ಎರಡು ಅಂಕಿಗಳ ಮೇಲೆ ಬೆರಳಿಟ್ಟು, "ಸಿಸ್ಟರ್, ಇದು ಕೂಡಾದಾ, ಕಳಿಯಾದಾ?" ಎಂದು ಕೇಳುತ್ತದೆ. ನಾವು "ಕಳಿ" ಅಂತೀವಿ. ಮಗು ಓಡಿಹೋಗಿ ಕಳೆದು ತರುತ್ತದೆ. ಉತ್ತರ ಸರಿ ಇರುತ್ತದೆ, ನಾವು ರೈಟ್ ಹಾಕುತ್ತೇವೆ. ಆದರೆ ಆ ಮಗು ಏನು ಕಲಿಯಿತು? ಲೆಕ್ಕದಲ್ಲಿ ಯೋಚಿಸಬೇಕಾದ ಜಾಗ ಇದ್ದದ್ದೇ ಒಂದು. ಆ ಯೋಚನೆಯನ್ನು ನಾವೇ ಮಾಡಿಬಿಟ್ಟೆವು. ಉಳಿದದ್ದು ಬರೀ ಕೈಕೆಲಸ.

ಈ ಪಾಠದಲ್ಲಿ ನಾವು ನೋಡಬೇಕಾದದ್ದು ಇದನ್ನೇ. ಹೇಳಿಕೆ ಲೆಕ್ಕ ಅಂದರೆ ಮೊದಲು ಕತೆ, ಆಮೇಲೆ ಲೆಕ್ಕ. ಕತೆ ಅರ್ಥವಾದ ಮಗುವಿಗೆ ಕೂಡುವುದೋ ಕಳೆಯುವುದೋ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಮಾಡಿದ ತಪ್ಪು

ಬೇರೆಯವರಿಗೆ ಹೇಳುವ ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಕೇಂದ್ರದ ಗೋಡೆಗೆ ನಾನೇ ಒಂದು ಚಾರ್ಟ್ ಬರೆದು ಅಂಟಿಸಿದ್ದೆ. "ಒಟ್ಟು, ಹೆಚ್ಚು, ಸೇರಿ ಎಂದಿದ್ದರೆ ಕೂಡು. ಉಳಿದ, ಕಡಿಮೆ, ಮಾರಿದ ಎಂದಿದ್ದರೆ ಕಳೆ." ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದವಳು ನಾನು. ಮಕ್ಕಳಿಗೆ ಸುಲಭ ದಾರಿ ತೋರಿಸಿದೆ ಎಂದೇ ತಿಳಿದಿದ್ದೆ.

ಒಂದು ದಿನ ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ ಈ ಲೆಕ್ಕ ಕೊಟ್ಟೆ: "ಮಾದೇವನ ಹತ್ತಿರ 9 ಗೋಲಿ ಇವೆ. ಅದು ಸಿದ್ದನ ಹತ್ತಿರ ಇರುವುದಕ್ಕಿಂತ 4 ಹೆಚ್ಚು. ಸಿದ್ದನ ಹತ್ತಿರ ಎಷ್ಟು ಗೋಲಿ ಇವೆ?" ಅವಳು 13 ಎಂದು ಬರೆದಳು. ತಪ್ಪು ಎಂದೆ. ಮತ್ತೆ ಮಾಡಿದಳು, ಮತ್ತೆ 13. ನನಗೆ ಸಿಟ್ಟು ಬಂತು. "ಇಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದು ಎಲ್ಲರ ಮುಂದೆ ನಿಲ್ಲಿಸಿದೆ. ಮಾರನೆಯ ದಿನದಿಂದ ಅವಳು ಬರಲಿಲ್ಲ. ಹದಿನೈದು ದಿನ ನೋಡಿ ಮನೆಗೆ ಹೋದರೆ ಅವರವ್ವ, "ಅವ್ಳಿಗೆ ಓದು ಹತ್ತಲ್ಲ ಬುಡಿ ಸಿಸ್ಟರ್, ಅಪ್ಪನ ಜೊತೆ ಎಳನೀರು ಗಾಡಿ ತಾವ್ ಹೋಯ್ತಾವ್ಳೆ" ಅಂದರು.

ಶ್ರೀರಂಗಪಟ್ಟಣದ ಹತ್ತಿರ ರಸ್ತೆ ಬದಿಯಲ್ಲಿ ಆ ಗಾಡಿ. ನಾನು ಹೋದಾಗ ಕಾರಿನವರು ಐದು ಎಳನೀರು ಕುಡಿದು 200 ರೂಪಾಯಿ ಕೊಟ್ಟರು. ಒಂದಕ್ಕೆ 25 ರೂಪಾಯಿ. ಅಪ್ಪ ಇನ್ನೊಂದು ಕಾಯಿ ಕೊಚ್ಚುತ್ತಿದ್ದ. ಈ ಹುಡುಗಿ, "ನಾಕಕ್ಕೆ ನೂರು, ಇನ್ನೊಂದ್ ಇಪ್ಪತ್ತೈದು" ಎಂದಳು. ಆಮೇಲೆ ಚಿಲ್ಲರೆ ಎಣಿಸಿದಳು. "ಐದ್ ಕೊಟ್ರೆ ನೂರಮೂವತ್ತು, ಇಪ್ಪತ್ ಕೊಟ್ರೆ ನೂರೈವತ್ತು, ಐವತ್ ಕೊಟ್ರೆ ಇನ್ನೂರು." 75 ರೂಪಾಯಿ ಅವರ ಕೈಗಿಟ್ಟಳು. ಕಾಗದವೂ ಇಲ್ಲ, ಪೆನ್ಸಿಲ್ಲೂ ಇಲ್ಲ. ನಾನು "ದಡ್ಡಿ" ಎಂದು ನಿಲ್ಲಿಸಿದ್ದ ಮಗು ಇವಳೇ.

ಮನೆಗೆ ಬಂದು ಯೋಚಿಸಿದಾಗ ತಿಳಿಯಿತು. ಅವಳು 13 ಎಂದು ಬರೆದದ್ದು ನನ್ನ ಮಾತು ಕೇಳಿದ್ದರಿಂದಲೇ. "ಹೆಚ್ಚು" ಎಂದಿದ್ದರೆ ಕೂಡು ಎಂದು ಬರೆದವಳು ನಾನು. ಅವಳು ನನ್ನ ಚಾರ್ಟನ್ನು ನಂಬಿದಳು, ನಾನು ಅವಳನ್ನು ಶಿಕ್ಷಿಸಿದೆ. ಮರುದಿನವೇ ಚಾರ್ಟ್ ಕಿತ್ತು ಹಾಕಿದೆ. ಹುಡುಗಿಯನ್ನು ವಾಪಸ್ಸು ಕರೆತರಲು ಮಾತ್ರ ಎರಡು ತಿಂಗಳು ಹಿಡಿಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮಕ್ಕಳು ಗಾಡಿಯಲ್ಲಿ ದುಡಿಯಬೇಕು ಎಂದು ನಾನು ಹೇಳುತ್ತಿಲ್ಲ. 6ರಿಂದ 14 ವರ್ಷದ ಮಗು ಶಾಲೆಯಲ್ಲಿರಬೇಕು, ಅದು 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಮಾತು. ನಾನು ಹೇಳುವುದು ಇಷ್ಟೇ: ಮಗು ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಲೆಕ್ಕವನ್ನು ಮಡಿಲಲ್ಲಿ ಕಟ್ಟಿಕೊಂಡೇ ಬರುತ್ತದೆ. ಅದನ್ನು ಬಾಗಿಲಲ್ಲೇ ಬಿಟ್ಟು ಬಾ ಎನ್ನುವವರು ನಾವು.

ಬಲ್ಲವರು ಏನು ಕಂಡಿದ್ದಾರೆ

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಮಕ್ಕಳನ್ನು ಮೂವರು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ವರದಿ ಬರೆದರು. ಬೀದಿಯಲ್ಲಿ ಗಿರಾಕಿಗಳಂತೆ ಕೇಳಿದಾಗ ನೂರಕ್ಕೆ 98ರಷ್ಟು ಉತ್ತರ ಸರಿ. ಅದೇ ಅಂಕಿಗಳನ್ನು ಹೇಳಿಕೆ ಲೆಕ್ಕವಾಗಿ ಕೊಟ್ಟಾಗ ನೂರಕ್ಕೆ 74. ಬರೀ ಅಂಕಿ ಬರೆದು ಮಾಡು ಎಂದಾಗ ನೂರಕ್ಕೆ 37. ಒಂದಕ್ಕೆ 35ರಂತೆ 10 ಕಾಯಿಗೆ ಎಷ್ಟು ಎಂದಾಗ ಒಬ್ಬ ಹುಡುಗ ಮೂರಕ್ಕೆ 105, ಇನ್ನು ಮೂರಕ್ಕೆ 210 ಎಂದು ಏರಿಸುತ್ತಾ ಹೋಗಿ 350 ಎಂದು ಸರಿಯಾಗಿ ಹೇಳಿದ. ನಮ್ಮ ಎಳನೀರು ಹುಡುಗಿ ಮಾಡಿದ್ದೂ ಇದೇ ಬಗೆ. ಗಮನಿಸಿ, ಕತೆ ಇದ್ದ ಕಡೆ ಮಕ್ಕಳು ಗೆದ್ದರು, ಕತೆ ಹೋದ ಕಡೆ ಸೋತರು.

ನಮ್ಮ ದೇಶದ್ದೇ ಮಾತು ಕೇಳಿ. 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಹಾಗೂ ಅವರ ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳನ್ನು ನೋಡಿ 2025ರಲ್ಲಿ ವರದಿ ಪ್ರಕಟಿಸಿದರು. ಸಂತೆಯ ಮಕ್ಕಳಿಗೆ ವ್ಯಾಪಾರದ ಲೆಕ್ಕ ಬಾಯಲ್ಲೇ ಬರುತ್ತದೆ, ಶಾಲೆಯ ಲೆಕ್ಕ ಬರುವುದಿಲ್ಲ. ದುಡಿಯದೆ ಶಾಲೆಗೆ ಮಾತ್ರ ಹೋಗುವ ಮಕ್ಕಳಿಗೆ ಪುಸ್ತಕದ ಲೆಕ್ಕ ಬರುತ್ತದೆ, ಸಂತೆಯ ಲೆಕ್ಕಕ್ಕೆ ತಡವರಿಸುತ್ತಾರೆ. ಎರಡು ಲೆಕ್ಕಗಳ ಮಧ್ಯೆ ಸೇತುವೆ ಇಲ್ಲ. ಹೇಳಿಕೆ ಲೆಕ್ಕವೇ ಆ ಸೇತುವೆ ಆಗಬಹುದು.

ಹೇಳಿಕೆ ಲೆಕ್ಕ ಇಂಗ್ಲಿಷರ ಕಾಲದಲ್ಲಿ ಬಂದದ್ದೂ ಅಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣು, ಹೂವು, ವ್ಯಾಪಾರಗಳನ್ನೇ ಲೆಕ್ಕವಾಗಿ ಕಟ್ಟಿದ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದು ತನ್ನ ಒಂದು ಗ್ರಂಥಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟ. ನಮ್ಮ ಜಿಲ್ಲೆಗೆ ಹತ್ತಿರದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ 'ನಲಿ-ಕಲಿ' 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ್ದೂ ಮಗು ಮಾಡಿ ಕಲಿಯಲಿ ಎಂಬ ಉದ್ದೇಶದಿಂದಲೇ.

ಆಲೆಮನೆ ಯಜಮಾನರ ವಯಸ್ಸು

1980ರ ಹೊತ್ತಿಗೆ ಫ್ರಾನ್ಸ್ ದೇಶದಲ್ಲಿ ಮಕ್ಕಳಿಗೆ ಒಂದು ವಿಚಿತ್ರ ಲೆಕ್ಕ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕ್ಯಾಪ್ಟನ್ ವಯಸ್ಸು ಎಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಆ ಅಂಕಿಗಳನ್ನೇ ಹಿಡಿದು ಏನೋ ಒಂದು ಉತ್ತರ ಕೊಟ್ಟರು. ಕುರಿ ಮೇಕೆಗೂ ವಯಸ್ಸಿಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ.

ನಾನೂ ಪಾಂಡವಪುರ ತಾಲ್ಲೂಕಿನ ಒಂದು ಕೇಂದ್ರದಲ್ಲಿ ಪರೀಕ್ಷೆ ಮಾಡಿದೆ. "ಆಲೆಮನೆಯಲ್ಲಿ 26 ಅಚ್ಚು ಬೆಲ್ಲ, 10 ಬಿಂದಿಗೆ ಇವೆ. ಯಜಮಾನರಿಗೆ ಎಷ್ಟು ವಯಸ್ಸು?" ಸ್ಲೇಟುಗಳೆಲ್ಲ ಮೇಲೆದ್ದವು. ಹೆಚ್ಚಿನ ಸ್ಲೇಟಿನಲ್ಲಿ 36. ಒಬ್ಬ ಪೋರ ಮಾತ್ರ ಬರೆಯದೆ ಕೂತಿದ್ದ. ಯಾಕೋ ಎಂದರೆ, "ಯಜಮಾನ್ರನ್ನೇ ಕೇಳ್ಬೇಕು ಸಿಸ್ಟರ್" ಅಂದ. ಅವತ್ತಿನ ತರಗತಿಯಲ್ಲಿ ಲೆಕ್ಕ ಬಂದವನು ಅವನೊಬ್ಬನೇ.

ಇನ್ನೊಂದು ಕಡೆ ಬಸ್ಸಿನ ಲೆಕ್ಕ ಕೊಟ್ಟಿದ್ದೆ. ಅವ್ವನಿಗೆ 20 ರೂಪಾಯಿ, ಅಪ್ಪನಿಗೆ 20 ರೂಪಾಯಿ ಟಿಕೆಟ್, ಒಟ್ಟು ಎಷ್ಟು? ಒಬ್ಬಳು "ಇಪ್ಪತ್ತು" ಅಂದಳು. "ಅವ್ವಂಗೆ ಫ್ರೀ ಅಲ್ವಾ ಸಿಸ್ಟರ್!" 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಪ್ಪು ಎನ್ನಲು ನನಗೆ ಮನಸ್ಸಾಗಲಿಲ್ಲ. ಅವಳು ಕತೆಯನ್ನು ಕತೆಯಾಗಿಯೇ ಕೇಳಿದ್ದಳು. ನಾನೇ ಲೆಕ್ಕ ತಿದ್ದಿ ಬರೆದೆ.

ಲೆಕ್ಕದ ಕತೆಗಳಲ್ಲಿ ಎಷ್ಟು ಬಗೆ?

ಕೂಡುವ ಕಳೆಯುವ ಕತೆಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ನೋಡಬಹುದು. ಶಿಕ್ಷಕಿಯರು ಇದನ್ನು ತಿಳಿದಿರಬೇಕು. ಮಕ್ಕಳಿಗೆ ಈ ಹೆಸರುಗಳನ್ನು ಹೇಳಬೇಕಾಗಿಲ್ಲ.

1. ಬದಲಾಗುವ ಕತೆ. ಮೊದಲು ಇಷ್ಟಿತ್ತು, ಏನೋ ನಡೆಯಿತು, ಈಗ ಇಷ್ಟಿದೆ. "ಅಜ್ಜಿ ಹತ್ತಿರ 8 ಕೋಳಿ ಇದ್ದವು, ಸಂತೆಯಿಂದ 5 ತಂದಳು, ಈಗ ಎಷ್ಟು?" ಇದು ಸುಲಭ. ಇದೇ ಕತೆಯಲ್ಲಿ ಕೇಳುವ ಜಾಗ ಬದಲಾದರೆ ಕಷ್ಟವಾಗುತ್ತದೆ. "ಅಜ್ಜಿ ಹತ್ತಿರ ಒಂದಷ್ಟು ತೆಂಗಿನಕಾಯಿ ಇದ್ದವು. 6 ಮಾರಿದಳು. 9 ಉಳಿದವು. ಮೊದಲು ಎಷ್ಟಿದ್ದವು?" ಇಲ್ಲಿ 'ಮಾರಿದಳು', 'ಉಳಿದವು' ಎರಡೂ ಇವೆ. ಚಾರ್ಟ್ ನಂಬಿದ ಮಗು 9ರಲ್ಲಿ 6 ಕಳೆದು 3 ಎನ್ನುತ್ತದೆ. ಸರಿ ಉತ್ತರ 15.

2. ಸೇರಿರುವ ಕತೆ. ಇಲ್ಲಿ ಏನೂ ನಡೆಯುವುದಿಲ್ಲ. "ಕೊಟ್ಟಿಗೆಯಲ್ಲಿ ಕುರಿ ಮೇಕೆ ಸೇರಿ 12 ಇವೆ. ಕುರಿ 7. ಮೇಕೆ ಎಷ್ಟು?" 'ಸೇರಿ' ಎಂದಿದ್ದರೂ ಇಲ್ಲಿ ಕೂಡುವುದಲ್ಲ.

3. ಹೋಲಿಸುವ ಕತೆ. ಒಬ್ಬರಿಗಿಂತ ಒಬ್ಬರಿಗೆ ಎಷ್ಟು ಹೆಚ್ಚು, ಎಷ್ಟು ಕಡಿಮೆ. ಮಕ್ಕಳಿಗೆ ಇದೇ ತುಂಬ ಕಷ್ಟ. ಕನ್ನಡದಲ್ಲಿ ಎಲ್ಲವೂ 'ಗಿಂತ' ಎಂಬ ಚಿಕ್ಕ ಮಾತಿನ ಮೇಲೆ ನಿಂತಿದೆ, ಅದು ಯಾರ ಹೆಸರಿಗೆ ಅಂಟಿದೆ ಎಂದು ಮಗು ಗಮನಿಸಬೇಕು. 'ಮಾದೇವನಿಗಿಂತ ಸಿದ್ದನಿಗೆ ಹೆಚ್ಚು', 'ಸಿದ್ದನಿಗಿಂತ ಮಾದೇವನಿಗೆ ಹೆಚ್ಚು' – ಓದುವಾಗ ಎರಡೂ ಒಂದೇ ಥರ ಕೇಳಿಸುತ್ತವೆ. ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ, ಕೈಗೆ ಗೋಲಿ ಕೊಟ್ಟು, ಜೋಡಿ ಜೋಡಿಯಾಗಿ ಇಡಿಸಿ. ಜೋಡಿ ಸಿಗದೆ ಮಿಕ್ಕದ್ದು ಯಾರದು? ಅದೇ 'ಹೆಚ್ಚು'.

ಭಾಗಿಸುವುದರಲ್ಲೂ ಎರಡು ಬಗೆ. 24 ಅಚ್ಚು ಬೆಲ್ಲವನ್ನು 4 ಡಬ್ಬಕ್ಕೆ ಸಮವಾಗಿ ಹಂಚುವುದು ಒಂದು. ಡಬ್ಬಕ್ಕೆ 4ರಂತೆ ತುಂಬಿದರೆ 24 ಅಚ್ಚಿಗೆ ಎಷ್ಟು ಡಬ್ಬ ಬೇಕು ಎನ್ನುವುದು ಇನ್ನೊಂದು. ಉತ್ತರ ಎರಡಕ್ಕೂ 6. ಆದರೆ ಮೊದಲನೆಯದರಲ್ಲಿ 6 ಅಚ್ಚು, ಎರಡನೆಯದರಲ್ಲಿ 6 ಡಬ್ಬ. ಹುಣಸೆ ಬೀಜ ಇಟ್ಟು ಎರಡನ್ನೂ ಮಾಡಿಸಿದರೆ ಕೈಯ ಕೆಲಸವೇ ಬೇರೆ ಬೇರೆ ಎಂದು ಮಗುವಿಗೆ ತಿಳಿಯುತ್ತದೆ.

ಐದು ಹೆಜ್ಜೆಗಳು

ಹಂಗೆರಿ ದೇಶದಲ್ಲಿ ಹುಟ್ಟಿದ ಜಾರ್ಜ್ ಪೋಲ್ಯಾ ಎಂಬ ಗಣಿತಜ್ಞರು 1945ರ ತಮ್ಮ ಪುಸ್ತಕದಲ್ಲಿ ಯಾವ ಸಮಸ್ಯೆಗೂ ನಾಲ್ಕು ಹೆಜ್ಜೆ ಹೇಳಿದ್ದಾರೆ: ಅರ್ಥ ಮಾಡಿಕೊ, ದಾರಿ ಹುಡುಕು, ಮಾಡು, ತಿರುಗಿ ನೋಡು. ನಮ್ಮ ಚಿಕ್ಕ ಮಕ್ಕಳಿಗಾಗಿ ಅದನ್ನು ಐದು ಮಾಡಿಕೊಂಡಿದ್ದೇನೆ. ಮೇಲಿನ ತೆಂಗಿನಕಾಯಿ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಹೆಜ್ಜೆ 1: ಕೇಳು. ಅಂಕಿ ಬಿಟ್ಟು ಕತೆ ಹೇಳಿ. "ಅಜ್ಜಿ ಹತ್ತಿರ ತೆಂಗಿನಕಾಯಿ ಇದ್ದವು. ಸಂತೆಗೆ ಹೋಗಿ ಸ್ವಲ್ಪ ಮಾರಿದಳು. ಸ್ವಲ್ಪ ಮನೆಗೆ ವಾಪಸ್ಸು ತಂದಳು." ಅಂಕಿ ಇಲ್ಲದಿದ್ದರೆ ಮಗುವಿನ ಬೆರಳು ಅಂಕಿಗೆ ಓಡಲಾರದು. ಕತೆಯನ್ನೇ ಕೇಳಬೇಕಾಗುತ್ತದೆ.

ಹೆಜ್ಜೆ 2: ಹೇಳು. ಮಗು ತನ್ನ ಮಾತಿನಲ್ಲಿ ಕತೆಯನ್ನು ತಿರುಗಿ ಹೇಳಲಿ. ಮನೆಯ ಭಾಷೆಯಲ್ಲೇ ಹೇಳಲಿ, ತಿದ್ದಬೇಡಿ. ಆಮೇಲೆ ಕೇಳಿ: "ಬೆಳಗ್ಗೆ ಕಾಯಿ ಜಾಸ್ತಿ ಇತ್ತಾ, ಸಂಜೆ ಜಾಸ್ತಿ ಇತ್ತಾ?" ಮಗು "ಬೆಳಿಗ್ಗೇನೇ ಜಾಸ್ತಿ, ಆಮೇಕೆ ತಾನೆ ಮಾರಿದ್ದು" ಎನ್ನುತ್ತದೆ. ಇಷ್ಟು ಬಂದರೆ ಮುಕ್ಕಾಲು ಲೆಕ್ಕ ಮುಗಿಯಿತು.

ಹೆಜ್ಜೆ 3: ಜೋಡಿಸು. ಈಗ ಅಂಕಿ ಕೊಡಿ. ಹುಣಸೆ ಬೀಜ, ಹೊಂಗೆ ಬೀಜ, ಕಲ್ಲುಹರಳು ಏನಾದರೂ ಆಗಬಹುದು. ಅಳಗುಳಿ ಮಣೆ ಇದ್ದರೆ ಅದರ ಗುಳಿಗಳೇ ಮನೆ, ಸಂತೆ, ಗಾಡಿ ಆಗುತ್ತವೆ. ಮಾರಿದ 6 ಒಂದು ಗುಳಿಗೆ, ಉಳಿದ 9 ಇನ್ನೊಂದಕ್ಕೆ. "ಬೆಳಗ್ಗೆ ಇವೆಲ್ಲ ಎಲ್ಲಿದ್ದವು?" ಎಂದು ಕೇಳಿ. ಮಗು ಎರಡೂ ಗುಳಿಯ ಬೀಜವನ್ನು ಒಂದೇ ಗುಳಿಗೆ ಸುರಿಯುತ್ತದೆ. ಕೂಡು ಎಂದು ನಾವು ಹೇಳಲೇ ಇಲ್ಲ! ಬೀಜ ಬಿಟ್ಟ ಮೇಲೆ ಚಿತ್ರ ಬರೆಯಲಿ. ಕಾಯಿಯ ಚಿತ್ರವೇ ಆಗಬೇಕಿಲ್ಲ, ಸೊನ್ನೆ ಸುತ್ತಿದರೂ ಸಾಕು.

ಹೆಜ್ಜೆ 4: ಬರೆ. ಈಗ 6 + 9 = 15 ಎಂದು ಬರೆಯಲಿ. ಉತ್ತರವನ್ನು ಪೂರ್ತಿ ಮಾತಿನಲ್ಲಿ ಹೇಳಲಿ: "ಮೊದಲು 15 ಕಾಯಿ ಇದ್ದವು." ಬರೀ 15 ಎಂದರೆ ಒಪ್ಪಬೇಡಿ. 15 ಏನು? ಕಾಯಿಯಾ, ರೂಪಾಯಿಯಾ?

ಹೆಜ್ಜೆ 5: ತಿರುಗಿ ನೋಡು. "15 ಇತ್ತು ಅಂದ್ಯಲ್ಲ, 6 ಮಾರಿದ್ರೆ 9 ಉಳಿತದಾ?" ಕತೆಗೆ ಹೊಂದುತ್ತದೆಯೇ ಎಂದು ಮಗುವೇ ನೋಡಲಿ. ದೊಡ್ಡ ಮಕ್ಕಳಿಗೆ ಈ ಹೆಜ್ಜೆ ಬಹಳ ಮುಖ್ಯ. ಉದಾಹರಣೆಗೆ, "26 ಮಕ್ಕಳು ರಂಗನತಿಟ್ಟಿಗೆ ಹೋದರು. ಒಂದು ದೋಣಿಗೆ 8 ಮಕ್ಕಳು. ಎಷ್ಟು ದೋಣಿ ಬೇಕು?" ಭಾಗಿಸಿದರೆ 3 ಬಂದು 2 ಉಳಿಯುತ್ತದೆ. ಮಗು "3 ದೋಣಿ" ಎಂದು ಬರೆಯುತ್ತದೆ. "ಹಂಗಾದ್ರೆ ಆ ಇಬ್ರು ದಡದಲ್ಲೇ ಕೂತಿರ್ಲಾ?" ಎಂದು ಕೇಳಿ. ಎಲ್ಲರೂ ನಗುತ್ತಾರೆ, 4 ದೋಣಿ ಎನ್ನುತ್ತಾರೆ.

ಮಾತಿನ ತೊಡಕು

ನಾಗಮಂಗಲದಲ್ಲಿ ನಮ್ಮ ಶಿಕ್ಷಕಿಯರ ತರಬೇತಿಯಲ್ಲಿ ಒಂದು ಕೆಲಸ ಮಾಡಿದೆವು. ಮಕ್ಕಳು ತಪ್ಪು ಮಾಡಿದ ಹೇಳಿಕೆ ಲೆಕ್ಕಗಳನ್ನು ಒಟ್ಟುಮಾಡಿ, ತಪ್ಪು ಅಂಕಿಯಲ್ಲಿದೆಯೋ ಮಾತಿನಲ್ಲಿದೆಯೋ ಎಂದು ನೋಡಿದೆವು. ತುಂಬಾ ಕಡೆ ಮಗು ಮುಗ್ಗರಿಸಿದ್ದು ಮಾತಿನಲ್ಲಿ. 'ತಲಾ 5' ಎಂದರೆ ಒಬ್ಬೊಬ್ಬರಿಗೆ ಐದೈದು ಎಂದು ಅದಕ್ಕೆ ಗೊತ್ತಿಲ್ಲ. 'ವಿತರಿಸಿದಳು' ಎಂದರೆ ಹಂಚಿದಳು, 'ಖರೀದಿಸಿದನು' ಎಂದರೆ ಕೊಂಡ, 'ವ್ಯತ್ಯಾಸ' ಎಂದರೆ ಎಷ್ಟು ಹೆಚ್ಚುಕಮ್ಮಿ – ಇವನ್ನು ಯಾರೂ ಹೇಳಿಕೊಟ್ಟಿಲ್ಲ. ಹಾಗೆಂದು ಪುಸ್ತಕದ ಮಾತನ್ನು ಬಿಡುವಂತಿಲ್ಲ, ಪರೀಕ್ಷೆಯಲ್ಲಿ ಅದೇ ಬರುತ್ತದೆ. ಮೊದಲು ಮನೆಯ ಮಾತಿನಲ್ಲಿ ಕತೆ, ಆಮೇಲೆ ಅದೇ ಕತೆ ಪುಸ್ತಕದ ಮಾತಿನಲ್ಲಿ. ಹೀಗೆ ಎರಡು ಸಲ ಹೇಳಿ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಇದು ಇನ್ನೂ ಹೆಚ್ಚು ಬೇಕು. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ಬೈಯುವ ಮೊದಲು ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿ ನೋಡಿ. ಕನ್ನಡದಲ್ಲಿ ಮಾಡಿದರೆ ಆ ಮಗುವಿಗೆ ಲೆಕ್ಕ ಬರುತ್ತದೆ, ಇಂಗ್ಲಿಷ್ ಬರುತ್ತಿಲ್ಲ ಅಷ್ಟೇ. ಎರಡಕ್ಕೂ ಮದ್ದು ಬೇರೆ.

ವಯಸ್ಸಿಗೆ ತಕ್ಕಂತೆ

ಅಂಗನವಾಡಿಯ 4-5 ವರ್ಷದ ಮಕ್ಕಳಿಗೆ ಬರವಣಿಗೆ ಬೇಡ. 5ರೊಳಗಿನ ಅಂಕಿ, ಆಟದ ಕತೆ ಸಾಕು. "ಮೂರು ಗುಬ್ಬಿ ಕೂತಿದ್ವು, ಒಂದು ಹಾರೋಯ್ತು." ಒಂದನೇ ತರಗತಿಗೆ ಮೊದಲು 10ರೊಳಗೆ, ಆಮೇಲೆ 20ರೊಳಗೆ. ಎರಡು ಮತ್ತು ಮೂರನೇ ತರಗತಿಗೆ ಎರಡಂಕಿಯ ಕತೆಗಳು, ಗುಂಪು ಗುಂಪಾಗಿ ಎಣಿಸುವ ಕತೆಗಳು. ಹೊಸ ಬಗೆಯ ಕತೆ ತೆಗೆದುಕೊಂಡಾಗ ಅಂಕಿ ಚಿಕ್ಕದಿರಲಿ. ಕತೆಯೂ ಹೊಸದು, ಅಂಕಿಯೂ ದೊಡ್ಡದು ಆದರೆ ಮಗು ಎರಡನ್ನೂ ಬಿಡುತ್ತದೆ. ಬೆರಳು ಎಣಿಸಿದರೆ ಬೇಡ ಎನ್ನಬೇಡಿ. ಬೆರಳು ದೇವರು ಕೊಟ್ಟ ಮಣಿಚೌಕಟ್ಟು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಅಭಿಯಾನದ ಗುರಿ ಮೂರನೇ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ ಸಿಗಬೇಕು ಎಂಬುದು. ಬುನಾದಿ ಎಂದರೆ ಮಗ್ಗಿ ಒಪ್ಪಿಸುವುದಷ್ಟೇ ಅಲ್ಲ. ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ 4-5ನೇ ತರಗತಿಗೆಂದು ಬಂದ 'ಗಣಿತ ಕಲಿಕಾ ಆಂದೋಲನ'ದ ಕಿಟ್ ಇದೆಯೇ ಎಂದು ಮೇಷ್ಟ್ರನ್ನು ವಿನಯದಿಂದ ವಿಚಾರಿಸಿ. ಬೀರುವಿನಲ್ಲಿದ್ದರೆ ಹೊರಗೆ ತೆಗೆಸಲು ಶಾಲಾಭಿವೃದ್ಧಿ ಸಮಿತಿಯಲ್ಲಿರುವ ತಾಯಂದಿರು ಮಾತಾಡಬಹುದು.

ಮನೆಯಲ್ಲೇ ಇರುವ ಲೆಕ್ಕ

ತಾಯಂದಿರು "ನಂಗೆ ಓದು ಬರಲ್ಲ, ನಾನೇನು ಹೇಳಿಕೊಡ್ಲಿ ಸಿಸ್ಟರ್?" ಎನ್ನುತ್ತಾರೆ. ಓದು ಬೇಕಿಲ್ಲ. ಡೈರಿಗೆ ಹಾಲು ಹಾಕಿ ಬರುವಾಗ ಕೇಳಿ: "ಬೆಳಿಗ್ಗೆ 6 ಲೀಟರ್ ಕರೆದೋ. ಡೈರಿಗೆ 5 ಹಾಕುದ್ವಿ. ಮನೆಗೆಷ್ಟು ಉಳೀತು?" ಹೂ ಕಟ್ಟುವಾಗ ಕೇಳಿ: "ಮಾರಿಗೆ 30 ರೂಪಾಯಂಗೆ 3 ಮಾರು ಕೊಟ್ರೆ ಎಷ್ಟು ಬತ್ತದೆ?" ರಾಗಿ ಅಳೆಯುವಾಗ ಸೇರಿನ ಲೆಕ್ಕ. ಮಳೆಗಾಲದಲ್ಲಿ ಕೆ.ಆರ್.ಎಸ್. ಕಟ್ಟೆಯ ನೀರಿನ ಮಟ್ಟ ಪೇಪರಿನಲ್ಲಿ ದಿನಾ ಬರುತ್ತದೆ. ತುಂಬಿದರೆ 124.80 ಅಡಿ. ಚಿಕ್ಕವರಿಗೆ 124 ಎಂದೇ ಇಟ್ಟುಕೊಳ್ಳಿ. "ಇವತ್ತು 110 ಅಡಿ ಇದ್ರೆ 124ಕ್ಕೆ ಇನ್ನೆಷ್ಟು ಅಡಿ ಬರ್ಬೇಕು?" ನಾಲೆ ನೀರಿಗೆ ಕಾಯುವ ಮನೆಯ ಮಗುವಿಗೆ ಇದು ಬರೀ ಲೆಕ್ಕವಲ್ಲ. ಮಗು ತಪ್ಪು ಹೇಳಿದರೆ "ತಪ್ಪು" ಎನ್ನುವ ಬದಲು "ಹೆಂಗ್ ಬಂತು, ಹೇಳು ಮಗ" ಎನ್ನಿ. ಹೇಳುತ್ತಾ ಹೇಳುತ್ತಾ ತಾನೇ ತಿದ್ದಿಕೊಳ್ಳುತ್ತದೆ.

ಇದು ಯಾಕೆ ಇಷ್ಟು ಮುಖ್ಯ ಎಂದರೆ, ಲೆಕ್ಕದ ಕತೆ ಶಾಲೆಗೆ ಮುಗಿಯುವುದಿಲ್ಲ. ಕೆ.ಆರ್.ಪೇಟೆ ಕಡೆಯ ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ ತಮ್ಮ ಸಾಲದ ಕಾರ್ಡ್ ತಂದಿದ್ದರು. ಹೊರಗಿನವರಿಂದ 10,000 ರೂಪಾಯಿ ತೆಗೆದುಕೊಂಡಿದ್ದರು. ವಾರಕ್ಕೆ 250ರಂತೆ 50 ವಾರ ಕಟ್ಟಬೇಕು. "250 ಅಂದ್ರೆ ಕಮ್ಮಿನೇ ಅಲ್ವಾ ಸಿಸ್ಟರ್?" ಅಂದರು. ಅವರ ಐದನೇ ತರಗತಿಯ ಮಗಳನ್ನು ಕರೆದು ಕತೆಯಾಗಿ ಹೇಳಿದೆವು. ಅವಳು ನಾಲ್ಕು ವಾರಕ್ಕೆ 1,000 ಎಂದು ಗುಂಪು ಮಾಡಿಕೊಂಡು, 48 ವಾರಕ್ಕೆ 12,000, ಇನ್ನೆರಡು ವಾರಕ್ಕೆ 500 ಎಂದಳು. ಒಟ್ಟು 12,500. ತೆಗೆದುಕೊಂಡದ್ದು 10,000. "ಅವ್ವ, 2,500 ಮೇಲ್ ಕಟ್ತಿದ್ದೀಯ" ಅಂದಳು. ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಕು. ಅದರ ಜೊತೆಗೆ, ಕಾರ್ಡಿಗೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿರುವ ಕತೆಯನ್ನು ಬಿಡಿಸಿ ಹೇಳಬಲ್ಲ ಒಂದು ಮಗು ಮನೆಯಲ್ಲಿರಬೇಕು.

ಕೊನೆಯ ಮಾತು

ಯೇಸುಸ್ವಾಮಿ ಕಲಿಸಿದ್ದು ಸಾಮತಿಗಳ ಮೂಲಕ. ಲೂಕನ ಶುಭಸಂದೇಶದ 15ನೇ ಅಧ್ಯಾಯದ ಎರಡು ಸಾಮತಿಗಳಲ್ಲಿ ಲೆಕ್ಕವೇ ಇದೆ. ನೂರು ಕುರಿಯಲ್ಲಿ ಒಂದನ್ನು ಕಳೆದುಕೊಂಡ ಕುರುಬ, ಹತ್ತು ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು. ಇಬ್ಬರೂ ಎಣಿಸಿ ನೋಡಿದ್ದರಿಂದಲೇ ಇಲ್ಲದ್ದು ಅವರಿಗೆ ತಿಳಿಯಿತು. 99 ಇವೆಯಲ್ಲ ಸಾಕು ಎಂದು ಕುರುಬ ಸುಮ್ಮನಾಗಲಿಲ್ಲ. ನಮ್ಮ ಸಂಜೆ ಶಾಲೆಯಲ್ಲೂ ಯಾವ ಮಗು ಹದಿನೈದು ದಿನದಿಂದ ಬಂದಿಲ್ಲ, ಯಾವ ಮಗು "ನಂಗೆ ಲೆಕ್ಕ ಬರಲ್ಲ" ಎಂದು ಹಿಂದಿನ ಸಾಲಿನಲ್ಲಿ ಕೂತಿದೆ ಎಂದು ನಾವು ಎಣಿಸಬೇಕು.

ಎಳನೀರು ಗಾಡಿಯ ಆ ಹುಡುಗಿ ಮರಳಿ ಬಂದ ಮೇಲೆ ನಾನು ಅವಳಿಗೆ ಕ್ಷಮೆ ಕೇಳಿದೆ. ಅವಳಿಗೆ ನಾಚಿಕೆಯಾಯಿತು. ಆಮೇಲೆ ಒಂದು ಕೆಲಸ ಕೊಟ್ಟೆ: ಪ್ರತಿ ಶುಕ್ರವಾರ ಚಿಕ್ಕವರಿಗೆ ಗಾಡಿಯ ಕತೆಯಿಂದ ಒಂದು ಲೆಕ್ಕ ಕಟ್ಟಿ ಹೇಳುವುದು. ಲೆಕ್ಕ ಮಾಡುವುದಕ್ಕಿಂತ ಲೆಕ್ಕ ಕಟ್ಟುವುದು ಕಷ್ಟ. ಅವಳು ಅದನ್ನು ಚೆನ್ನಾಗಿ ಮಾಡಿದಳು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಮಕ್ಕಳು ಅಂಗಡಿಯಲ್ಲಿ ಮಾಡುವ ಯಾವ ಲೆಕ್ಕವನ್ನು ಪುಸ್ತಕದಲ್ಲಿ ಮಾಡಲಾರರು? ಯಾಕೆ?
2. ಮಗು ಲೆಕ್ಕದಲ್ಲಿ ತಪ್ಪಿದಾಗ ನಾವು ಮೊದಲು ಆಡುವ ಮಾತು ಯಾವುದು?
3. ನಮ್ಮ ಸಂಘದ ಪಾಸ್ ಪುಸ್ತಕದಲ್ಲಿ ಮಕ್ಕಳಿಗೆ ಹೇಳಬಹುದಾದ ಎಷ್ಟು ಕತೆಗಳಿವೆ?

ಈ ತಿಂಗಳ ಕೆಲಸ

ಪ್ರತಿ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, 20 ನಿಮಿಷ, ಒಂದೇ ಒಂದು ಕತೆ ಲೆಕ್ಕ. ಐದು ಹೆಜ್ಜೆಯನ್ನೂ ಪೂರ್ತಿ ಮಾಡಿಸಿ. ಹತ್ತು ಲೆಕ್ಕ ಓಡಿಸುವುದಕ್ಕಿಂತ ಇದು ಮೇಲು. ಪ್ರತಿ ಮಗುವೂ ತನ್ನ ಮನೆಯ ಒಂದು ಕತೆಯನ್ನು ಲೆಕ್ಕವಾಗಿ ಕಟ್ಟಿ ತರಲಿ, ಅವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಗೋಡೆಯ ಮೇಲೆ "ಹೆಚ್ಚು ಎಂದರೆ ಕೂಡು" ಎಂಬ ಚಾರ್ಟ್ ಇದ್ದರೆ ಇವತ್ತೇ ತೆಗೆದುಬಿಡಿ. ಮುಂದಿನ ತಿಂಗಳು ಕೇಂದ್ರಕ್ಕೆ ಬಂದಾಗ ಆ ನೋಟ್ ಪುಸ್ತಕವನ್ನೇ ನಾನು ಮೊದಲು ಕೇಳುವುದು.